ವೃಷಣರಸದಿಂದ ಟೆಸ್ಟಾಸ್ಟಿರೋನಿನವರೆಗೆ: ಒಂದು ಚಿಕಿತ್ಸೆಯ ಗುಣದೋಷಗಳ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವನ್ನು ಮಹಾವೈದ್ಯರ ಚರಿತ್ರೆಯನ್ನಾಗಿಯೋ ಶೋಧನೆಗಳ ಪಟ್ಟಿಯನ್ನಾಗಿಯೋ ಬರೆಯುವುದು ರೂಢಿಯಾಗಿದೆ. ಅದನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಲು ಸಾಧ್ಯವಿದೆ. ಒಂದು ಔಷಧವು ಗುಣ ಕೊಟ್ಟಿತೆಂದು ಹೇಳಿದವರು ಯಾರು, ಅವರ ಮಾತನ್ನು ಯಾವ ಆಧಾರದ ಮೇಲೆ ನಂಬಲಾಯಿತು, ಆ ಆಧಾರವು ಮುಂದಿನ ಪರೀಕ್ಷೆಯಲ್ಲಿ ನಿಂತಿತೇ ಬಿದ್ದಿತೇ ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡರೆ, ವೈದ್ಯಶಾಸ್ತ್ರದ ಇತಿಹಾಸವು ಸಾಕ್ಷ್ಯಪರಿಶೋಧನೆಯ ಇತಿಹಾಸವಾಗಿ ಪರಿಣಮಿಸುತ್ತದೆ. ಶಾಸನಗಳನ್ನೂ ಬಖೈರುಗಳನ್ನೂ ತೂಗಿ ನೋಡುವ ಇತಿಹಾಸದ ವಿದ್ಯಾರ್ಥಿಗೆ ಇದು ಪರಕೀಯವಾದ ಕ್ಷೇತ್ರವಲ್ಲ.

ಇಂತಹ ಪರಿಶೋಧನೆಗೆ ತಕ್ಕ ಉದಾಹರಣೆಯೆಂದರೆ ಪುರುಷರಿಗೆ ಟೆಸ್ಟಾಸ್ಟಿರೋನ್ ಎಂಬ ಹಾರ್ಮೋನನ್ನು ಹೊರಗಿನಿಂದ ಪೂರೈಸುವ ಚಿಕಿತ್ಸೆ. ವೃಷಣಗಳಲ್ಲಿ ಉತ್ಪನ್ನವಾಗಿ ನೇರವಾಗಿ ರಕ್ತಕ್ಕೆ ಸೇರುವ ಈ ದ್ರವ್ಯವು ಗಡ್ಡಮೀಸೆ, ಗಡಸು ಧ್ವನಿ, ಮಾಂಸಖಂಡಗಳ ಪುಷ್ಟಿ, ಕಾಮೇಚ್ಛೆ, ಮೂಳೆಗಳ ದಾರ್ಢ್ಯ ಮೊದಲಾದವಕ್ಕೆ ಕಾರಣವಾದುದು. ಇದರ ಕೊರತೆಯುಳ್ಳವರಿಗೆ ಇದನ್ನು ಕೊಡುವುದು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಅಂಗೀಕೃತವಾದ ಚಿಕಿತ್ಸೆಯಾಗಿದೆ. ಜೊತೆಗೆ ಮುಪ್ಪನ್ನು ಹಿಂದಕ್ಕೆ ನೂಕುವ ಸಾಧನವೆಂಬ ಖ್ಯಾತಿಯೂ ಇದಕ್ಕೆ ಅಂಟಿಕೊಂಡಿದೆ. ಕೊರತೆಯನ್ನು ತುಂಬುವುದು ಬೇರೆ, ವೃದ್ಧಾಪ್ಯವನ್ನು ನೀಗುವುದು ಬೇರೆ. ಈ ಎರಡನ್ನೂ ಒಂದೆಂದು ಭಾವಿಸಿದಾಗಲೆಲ್ಲ ಚಿಕಿತ್ಸೆಯು ದಾರಿ ತಪ್ಪಿತು, ಬೇರ್ಪಡಿಸಿ ನೋಡಿದಾಗಲೆಲ್ಲ ಉಪಕಾರಕವಾಯಿತು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಹಳೆಯ ಆಸೆ, ಹೊಸ ಪ್ರಯೋಗ

ಕಳೆದ ಯೌವನವನ್ನು ಮರಳಿ ಪಡೆಯುವ ಆಸೆ ಯಾವ ಒಂದು ದೇಶದ ಸೊತ್ತೂ ಅಲ್ಲ. ಮಗನಾದ ಪೂರುವಿನಿಂದ ತಾರುಣ್ಯವನ್ನು ಬೇಡಿ ಪಡೆದ ಯಯಾತಿಯ ಕಥೆ ನಮ್ಮಲ್ಲಿ ಮನೆಮಾತಾಗಿದೆ. ಆಯುರ್ವೇದದ ಅಷ್ಟಾಂಗಗಳಲ್ಲಿ ವಾಜೀಕರಣವೂ ಒಂದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಆಡಿನ ವೃಷಣವನ್ನು ಹಾಲಿನೊಡನೆ ಬೇಯಿಸಿ ಸೇವಿಸುವ ವಿಧಿಯು ಕಂಡುಬರುತ್ತದೆ. ಇದನ್ನು ಮುಂದಿಟ್ಟು, ಪ್ರಾಚೀನರು ಹಾರ್ಮೋನನ್ನು ಬಲ್ಲವರಾಗಿದ್ದರೆಂದು ವಾದಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ವೃಷಣದಲ್ಲಿ ಈ ದ್ರವ್ಯವು ಸಂಗ್ರಹವಾಗಿ ಉಳಿಯುವುದಿಲ್ಲ. ಬಾಯಿಯ ಮೂಲಕ ಸೇವಿಸಿದ ಶುದ್ಧ ಟೆಸ್ಟಾಸ್ಟಿರೋನ್ ಕೂಡ ಬಹುಮಟ್ಟಿಗೆ ಯಕೃತ್ತಿನಲ್ಲಿಯೇ ನಾಶವಾಗುತ್ತದೆ. ಅಂಗಕ್ಕೂ ಪುರುಷತ್ವಕ್ಕೂ ಸಂಬಂಧವುಂಟೆಂಬ ಅರಿವು, ಬೀಜ ಒಡೆದ ಎತ್ತನ್ನು ಕಂಡ ಯಾವ ರೈತನಿಗೂ ಇದ್ದಿತು. ಆ ಸಂಬಂಧವು ಯಾವ ಮಾರ್ಗದಿಂದ ನಡೆಯುತ್ತದೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಆ ಮಾರ್ಗವನ್ನು ಮೊದಲು ತೋರಿಸಿದವನು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಆರ್ನಾಲ್ಡ್ ಬರ್ತೋಲ್ಡ್. ಅವನು ಆರು ಹುಂಜದ ಮರಿಗಳ ಮೇಲೆ ಪ್ರಯೋಗ ನಡೆಸಿ ೧೮೪೯ರಲ್ಲಿ ಅದರ ಫಲಿತಾಂಶವನ್ನು ಕೆಲವೇ ಪುಟಗಳಲ್ಲಿ ಪ್ರಕಟಿಸಿದನು. ವೃಷಣಗಳನ್ನು ಸಂಪೂರ್ಣವಾಗಿ ಕಳೆದುಕೊಂಡ ಮರಿಗಳ ಜುಟ್ಟು ಬೆಳೆಯಲಿಲ್ಲ. ಅವು ಕೂಗಲಿಲ್ಲ, ಕಾದಾಡಲಿಲ್ಲ. ಉಳಿದ ಮರಿಗಳ ಉದರದಲ್ಲಿ ತಮ್ಮದೋ ಇನ್ನೊಂದರದೋ ಆದ ಒಂದು ವೃಷಣವನ್ನು ಬೇರೆಡೆ ಇರಿಸಿದಾಗ ಅವು ಯಥಾಪ್ರಕಾರ ಹುಂಜಗಳಾಗಿಯೇ ಬೆಳೆದವು. ಕೊಯ್ದು ನೋಡಿದಾಗ ಆ ವೃಷಣಕ್ಕೆ ಹೊಸ ರಕ್ತನಾಳಗಳು ಬಂದು ಕೂಡಿದ್ದವು, ಹಳೆಯ ನರಸಂಬಂಧವಿರಲಿಲ್ಲ. ಆದುದರಿಂದ ವೃಷಣವು ತನ್ನ ಪ್ರಭಾವವನ್ನು ಬೀರುವುದು ರಕ್ತದ ಮೂಲಕವೇ ಎಂದು ಬರ್ತೋಲ್ಡನು ತೀರ್ಮಾನಿಸಿದನು. ಪ್ರಯೋಗಕ್ಕೊಳಗಾದವು ಆರೇ ಪ್ರಾಣಿಗಳಾದರೂ ಹೋಲಿಸಿ ನೋಡಲು ಎರಡು ಪಕ್ಷಗಳು ಅಲ್ಲಿದ್ದವು. ತೀರ್ಮಾನವು ಹುಂಜದ ಅಭಿಪ್ರಾಯವನ್ನು ಅವಲಂಬಿಸಿರಲಿಲ್ಲ. ಇಷ್ಟಾದರೂ ಈ ಲೇಖನವು ಸುಮಾರು ಅರ್ಧ ಶತಮಾನದ ಕಾಲ ಅಲಕ್ಷಿತವಾಗಿ ಉಳಿಯಿತು.

೨. ತಾನೇ ಸಾಕ್ಷಿಯಾದ ಪ್ರಾಧ್ಯಾಪಕ

ಬರ್ತೋಲ್ಡನಿಗೆ ದೊರೆಯದ ಪ್ರಸಿದ್ಧಿಯು ೪೦ ವರ್ಷಗಳ ತರುವಾಯ ಪ್ಯಾರಿಸ್ಸಿನಲ್ಲಿ ಇನ್ನೊಬ್ಬನಿಗೆ ಒಂದೇ ದಿನದಲ್ಲಿ ದೊರೆಯಿತು. ಮಾರಿಷಸ್ ದ್ವೀಪದಲ್ಲಿ ೧೮೧೭ರಲ್ಲಿ ಹುಟ್ಟಿದ ಬ್ರೌನ್-ಸೆಕಾರನು ನರಮಂಡಲದ ಅಧ್ಯಯನದಲ್ಲಿ ಅಗ್ರಗಣ್ಯನಾಗಿದ್ದು, ಕ್ಲಾಡ್ ಬರ್ನಾರನ ಅನಂತರ ಕಾಲೇಜ್ ದ ಫ್ರಾನ್ಸಿನಲ್ಲಿ ಅವನ ಪೀಠವನ್ನು ಅಲಂಕರಿಸಿದವನು. ೧೮೮೯ರ ಜೂನ್ ೧ರಂದು, ತನ್ನ ೭೨ನೆಯ ವಯಸ್ಸಿನಲ್ಲಿ, ಅವನು ಜೀವಶಾಸ್ತ್ರಸಂಘದ ಸಭೆಯಲ್ಲಿ ನಾಯಿ ಮತ್ತು ಗಿನಿಪಿಗ್ಗುಗಳ ವೃಷಣಗಳಿಂದ ತೆಗೆದ ರಸವನ್ನು ತನ್ನ ಮೈಗೇ ಚುಚ್ಚಿಕೊಂಡುದಾಗಿ ಪ್ರಕಟಿಸಿದನು. ಮುಂಗೈಯ ಬಲವು ಹೆಚ್ಚಿತು, ಮಲಬದ್ಧತೆಯು ನೀಗಿತು, ಮೂತ್ರದ ಧಾರೆಯು ಹಿಂದಿಗಿಂತ ದೂರಕ್ಕೆ ಹೋಗುವಂತಾಯಿತು, ದೀರ್ಘಕಾಲ ಬೌದ್ಧಿಕ ಕಾರ್ಯದಲ್ಲಿ ತೊಡಗುವ ಶಕ್ತಿಯು ಮರಳಿತು ಎಂದು ಅವನು ವಿವರಿಸಿದನು. ಬಲವನ್ನು ಅಳೆಯಲು ಅವನು ಯಂತ್ರವನ್ನೂ ಉಪಯೋಗಿಸಿದ್ದನು. ಸುದ್ದಿಯು ಪತ್ರಿಕೆಗಳ ಮೂಲಕ ಹಬ್ಬಿ, ಯೂರೋಪು ಅಮೆರಿಕಗಳಲ್ಲಿ ಅಸಂಖ್ಯಾತ ವೈದ್ಯರು ಈ ರಸವನ್ನು ಕೊಡಲಾರಂಭಿಸಿದರು.

ಈ ಸಾಕ್ಷಿಯ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಆದಾಗ್ಯೂ ಸಾಕ್ಷಿಯು ಪ್ರಾಮಾಣಿಕನೆಂಬುದರಿಂದ ಸಾಕ್ಷ್ಯವು ಸತ್ಯವೆಂದಾಗುವುದಿಲ್ಲ. ಟೆಸ್ಟಾಸ್ಟಿರೋನ್ ನೀರಿನಲ್ಲಿ ಬಹಳ ಅಲ್ಪವಾಗಿ ಕರಗುವ ವಸ್ತು. ಬ್ರೌನ್-ಸೆಕಾರನ ರಸವಾದರೋ ನೀರಿನಿಂದ ತಯಾರಾದುದು. ಆಸ್ಟ್ರೇಲಿಯದ ಸಂಶೋಧಕರು ಅವನ ವಿಧಾನವನ್ನೇ ಅನುಸರಿಸಿ ರಸವನ್ನು ತಯಾರಿಸಿ ೨೦೦೨ರಲ್ಲಿ ಪ್ರಕಟಿಸಿದ ವರದಿಯಂತೆ, ಅದರಲ್ಲಿದ್ದ ಹಾರ್ಮೋನಿನ ಪ್ರಮಾಣವು ದೇಹದ ಮೇಲೆ ಯಾವ ಪರಿಣಾಮವನ್ನೂ ಉಂಟುಮಾಡಲಾರದಷ್ಟು ಅತ್ಯಲ್ಪವಾಗಿದ್ದಿತು. ವೃದ್ಧನಾದ ಪ್ರಾಧ್ಯಾಪಕನಿಗೆ ಬಲ ತಂದುದು ಅವನ ನಿರೀಕ್ಷೆಯೇ ಹೊರತು ಔಷಧವಲ್ಲ.

ಇದೇ ಕಾಲದ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕು. ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ೧೮೯೧ರಲ್ಲಿ, ಥೈರಾಯ್ಡ್ ಗ್ರಂಥಿಯು ಕ್ಷೀಣಿಸಿದ್ದ ಮಹಿಳೆಯೊಬ್ಬಳಿಗೆ ಕುರಿಯ ಥೈರಾಯ್ಡ್ ರಸವನ್ನು ಕೊಟ್ಟನು. ಆಕೆ ಗುಣಹೊಂದಿ, ಆ ಔಷಧವನ್ನು ಮುಂದುವರಿಸುತ್ತ ಇನ್ನೂ ೨೮ ವರ್ಷ ಬಾಳಿದಳು. ಎರಡು ಪ್ರಯತ್ನಗಳ ಹಿಂದೆಯೂ ಇದ್ದ ಕಲ್ಪನೆ ಒಂದೇ. ಮರ್ರೆಯ ಮುಂದೆ ನಿರ್ದಿಷ್ಟವಾದ ಕೊರತೆಯಿದ್ದಿತು. ಆ ಕೊರತೆಯನ್ನು ತುಂಬುವ ವಸ್ತುವು ಅವನ ರಸದಲ್ಲಿ ನಿಜವಾಗಿಯೂ ಇದ್ದಿತು. ಬ್ರೌನ್-ಸೆಕಾರನಲ್ಲಿ ಇವೆರಡೂ ಇರಲಿಲ್ಲ. ಮುಪ್ಪನ್ನೇ ಅವನು ಕೊರತೆಯೆಂದು ಬಗೆದಿದ್ದನು.

ಈ ಪಾಠವು ಆ ಕಾಲದವರ ಮನಸ್ಸಿಗೆ ಹತ್ತಲಿಲ್ಲ. ಮೊದಲನೆಯ ಮಹಾಯುದ್ಧದ ಅನಂತರ ರಸದ ಸ್ಥಾನವನ್ನು ಶಸ್ತ್ರವು ಆಕ್ರಮಿಸಿತು. ವಿಯೆನ್ನಾದ ಷ್ಟೈನಾಕನ ಮತದಂತೆ ವೀರ್ಯನಾಳವನ್ನು ಕಟ್ಟಿದರೆ ಗ್ರಂಥಿಯ ಅಂತಃಸ್ರಾವವು ಹೆಚ್ಚಿ ಯೌವನವು ಮರಳುವುದೆಂದು ಹೇಳಲಾಯಿತು. ೧೯೨೩ರಲ್ಲಿ ಸಿಗ್ಮಂಡ್ ಫ್ರಾಯ್ಡನೂ, ೧೯೩೪ರಲ್ಲಿ ತನ್ನ ೬೮ನೆಯ ವಯಸ್ಸಿನಲ್ಲಿ ಐರಿಷ್ ಕವಿ ಯೇಟ್ಸನೂ ಈ ಶಸ್ತ್ರಕ್ರಿಯೆಗೆ ಒಳಗಾದರು. ಯೇಟ್ಸನು ಅನಂತರದ ಐದು ವರ್ಷಗಳಲ್ಲಿ ಹೇರಳವಾಗಿ ಕವಿತೆಗಳನ್ನು ರಚಿಸಿ, ತನಗೆ ನವಚೈತನ್ಯವು ಬಂದಿತೆಂದು ನಂಬಿದ್ದನು. ಇಂದು ಸಂತಾನನಿಯಂತ್ರಣಕ್ಕಾಗಿ ಲಕ್ಷಾಂತರ ಪುರುಷರಿಗೆ ನಾಳಬಂಧನವು ನಡೆದಿದ್ದು, ಅದರಿಂದ ಹಾರ್ಮೋನು ಹೆಚ್ಚುವುದಿಲ್ಲವೆಂಬುದು ಸ್ಥಿರಪಟ್ಟಿದೆ. ಪ್ಯಾರಿಸ್ಸಿನಲ್ಲಿ ವೊರೊನೊಫನು ೧೯೨೦ರಿಂದ ಮಂಗಗಳ ವೃಷಣದ ತುಣುಕುಗಳನ್ನು ಧನಿಕ ವೃದ್ಧರಿಗೆ ಕಸಿಮಾಡಿದನು. ಅನ್ಯಜೀವಿಯ ಆ ಅಂಗಾಂಶವನ್ನು ಮಾನವದೇಹವು ಉಳಿಯಗೊಡುವುದಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಜಾನ್ ಬ್ರಿಂಕ್ಲಿ ಎಂಬವನು ಮೇಕೆಯ ಗ್ರಂಥಿಯನ್ನು ಕೂಡಿಸುವ ವ್ಯಾಪಾರವನ್ನೇ ಹೂಡಿ, ಅದರ ಪ್ರಚಾರಕ್ಕಾಗಿ ಸ್ವಂತ ರೇಡಿಯೋ ಕೇಂದ್ರವನ್ನೂ ನಡೆಸಿದನು. ೧೯೩೦ರಲ್ಲಿ ಅವನ ವೈದ್ಯ ಪರವಾನಗಿಯು ರದ್ದಾಯಿತು. ಅದೇ ವರ್ಷ ರಾಜ್ಯದ ಗವರ್ನರ್ ಪದವಿಗೆ ಸ್ಪರ್ಧಿಸಿ ಅವನು ಲಕ್ಷಕ್ಕೂ ಮಿಗಿಲಾದ ಮತಗಳನ್ನು ಗಳಿಸಿದನು. ಗುಣಹೊಂದಿದೆವೆಂದು ಹೇಳಿಕೊಳ್ಳುವವರ ಸಂಖ್ಯೆಯು ಚಿಕಿತ್ಸೆಯ ಸತ್ಯಕ್ಕೆ ಪ್ರಮಾಣವಾಗಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

೩. ರಸಾಯನಶಾಲೆಯ ನಿರ್ಣಯ

ಈ ಗೊಂದಲದಿಂದ ವಿಷಯವನ್ನು ಮೇಲೆತ್ತಿದವರು ರಸಾಯನಶಾಸ್ತ್ರಜ್ಞರು. ೧೯೨೭ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಫ್ರೆಡ್ ಕಾಕ್ ಮತ್ತು ಅವನ ಶಿಷ್ಯ ಮೆಗೀ, ಸುಮಾರು ೪೦ ಪೌಂಡು ಹೋರಿಯ ವೃಷಣಗಳಿಂದ ೨೦ ಮಿಲಿಗ್ರಾಂನಷ್ಟು ಸತ್ತ್ವವನ್ನು ತೆಗೆದರು. ಅದನ್ನು ಬೀಜ ತೆಗೆದ ಹುಂಜಗಳಿಗೆ ಚುಚ್ಚಿದಾಗ ಅವುಗಳ ಜುಟ್ಟು ಬೆಳೆಯಿತು. ಬರ್ತೋಲ್ಡನ ಹುಂಜವು ಇಲ್ಲಿ ಅಳತೆಗೋಲಾಯಿತು. ಜರ್ಮನಿಯ ಬೂಟೆನಾಂಟನು ೧೯೩೧ರಲ್ಲಿ ಸುಮಾರು ೧೫,೦೦೦ ಲೀಟರು ಮೂತ್ರದಿಂದ ೧೫ ಮಿಲಿಗ್ರಾಂ ಆಂಡ್ರೋಸ್ಟಿರೋನನ್ನು ಪ್ರತ್ಯೇಕಿಸಿದನು. ೧೯೩೫ರಲ್ಲಿ ಆಮ್ಸ್ಟರ್‌ಡ್ಯಾಮಿನ ಲಾಕೂರನೂ ಅವನ ಸಂಗಡಿಗರೂ ಹೋರಿಯ ವೃಷಣಗಳಿಂದ ನಿಜವಾದ ವೃಷಣ ಹಾರ್ಮೋನನ್ನು ಶುದ್ಧರೂಪದಲ್ಲಿ ಪಡೆದು ಅದಕ್ಕೆ ಟೆಸ್ಟಾಸ್ಟಿರೋನ್ ಎಂದು ಹೆಸರಿಟ್ಟರು. ಕೆಲವೇ ತಿಂಗಳುಗಳಲ್ಲಿ ಬೂಟೆನಾಂಟನೂ, ಸ್ವಿಟ್ಸರ್‌ಲೆಂಡಿನ ರುಜಿಚ್ಕನೂ ಪ್ರತ್ಯೇಕವಾಗಿ ಕೊಲೆಸ್ಟಿರಾಲಿನಿಂದ ಅದನ್ನು ಸಂಶ್ಲೇಷಿಸಿದರು. ೧೯೩೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ಸಂದಿತು. ನಾಜೀ ಸರ್ಕಾರದ ನಿರ್ಬಂಧದಿಂದಾಗಿ ಬೂಟೆನಾಂಟನು ಅದನ್ನು ಸ್ವೀಕರಿಸಲು ಯುದ್ಧಾನಂತರದವರೆಗೂ ಕಾಯಬೇಕಾಯಿತು.

ಶುದ್ಧ ವಸ್ತುವು ಕೈಸೇರಿದ ಮೇಲೆ ಚಿಕಿತ್ಸೆಯ ಇತಿಹಾಸವು ಹೊಸದಾಗಿ ಆರಂಭವಾಯಿತೆನ್ನಬಹುದು. ವೃಷಣಗಳು ಬೆಳೆಯದೆ, ವಯಸ್ಸಿಗೆ ಬಂದರೂ ಬಾಲಕರಂತೆಯೇ ಉಳಿದಿದ್ದ ಪುರುಷರಿಗೆ ೧೯೩೦ರ ದಶಕದ ಉತ್ತರಾರ್ಧದಲ್ಲಿ ಇದನ್ನು ಕೊಟ್ಟಾಗ ಕಂಡುಬಂದ ಪರಿವರ್ತನೆಯಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ: ಧ್ವನಿಯು ಗಡಸಾಯಿತು, ರೋಮಗಳು ಮೂಡಿದವು, ದೇಹವು ಪುಷ್ಟಿಗೊಂಡಿತು. ೧೯೪೨ರಲ್ಲಿ ವರ್ಣಿತವಾದ ಕ್ಲೈನ್‌ಫೆಲ್ಟರ್ ಲಕ್ಷಣಾವಳಿಯಲ್ಲಿ ಪುರುಷನಿಗೆ ಒಂದು ಎಕ್ಸ್ ವರ್ಣತಂತುವು ಅಧಿಕವಾಗಿರುವುದೆಂಬುದು ೧೯೫೯ರಲ್ಲಿ ತಿಳಿದುಬಂದಿತು. ಇಂತಹವರಲ್ಲಿ ಕೊರತೆಯುಳ್ಳವರಿಗೂ, ಪಿಟ್ಯೂಟರಿ ಗ್ರಂಥಿಯ ರೋಗ, ಗಾಯ ಅಥವಾ ಶಸ್ತ್ರಕ್ರಿಯೆಯಿಂದ ಹಾರ್ಮೋನನ್ನು ಕಳೆದುಕೊಂಡವರಿಗೂ ಇದು ಮಧುಮೇಹಿಗೆ ಇನ್ಸುಲಿನ್ ಇರುವಂತೆ ನ್ಯಾಯವಾದ ಪೂರೈಕೆಯಾಗಿದೆ. ಚಿಕಿತ್ಸೆಯ ಮೊದಲನೆಯ ಮತ್ತು ನಿರ್ವಿವಾದವಾದ ಗುಣವು ಇದೇ.

೪. ಅತಿಯಾಸೆ ಮತ್ತು ಅತಿಭಯ

ಸಂದೇಹವು ಉದ್ಭವಿಸಿದುದು ವಯಸ್ಸಾದವರ ವಿಷಯದಲ್ಲಿ. ೧೯೪೪ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಮೈಯರ್ಸ್ ಎಂಬ ಇಬ್ಬರು ವೈದ್ಯರು ಈ ಪ್ರಶ್ನೆಯನ್ನು ವಿವೇಕದಿಂದ ಪರಿಶೀಲಿಸಿದರು. ವೃಷಣವು ಸೋತಾಗ ಪಿಟ್ಯೂಟರಿಯು ಅದನ್ನು ಎಚ್ಚರಿಸಲು ಹೆಚ್ಚು ಚೋದಕಗಳನ್ನು ಸ್ರವಿಸುತ್ತದೆ. ಅವು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಅಳೆದು, ನಿಜವಾದ ಗ್ರಂಥಿದೌರ್ಬಲ್ಯವುಳ್ಳವರನ್ನೂ ಮಾನಸಿಕ ಕಾರಣಗಳಿಂದ ಬಳಲುತ್ತಿದ್ದವರನ್ನೂ ಅವರು ಬೇರ್ಪಡಿಸಿದರು. ಮೊದಲನೆಯವರಿಗೆ ಹಾರ್ಮೋನಿನಿಂದ ಗುಣ ಕಂಡಿತು, ಎರಡನೆಯವರಿಗೆ ಕಾಣಲಿಲ್ಲ. ಮರುವರ್ಷವೇ ಪಾಲ್ ಡಿ ಕ್ರೈಫ್ ಎಂಬ ಜನಪ್ರಿಯ ವಿಜ್ಞಾನಲೇಖಕನು ಪುರುಷ ಹಾರ್ಮೋನನ್ನು ಕುರಿತು ಉತ್ಸಾಹಭರಿತವಾದ ಗ್ರಂಥವನ್ನು ಪ್ರಕಟಿಸಿ, ತಾನೂ ಅದನ್ನು ಸೇವಿಸುತ್ತಿರುವುದನ್ನು ಸಾರಿದನು. ಬ್ರೌನ್-ಸೆಕಾರನ ಪರಂಪರೆಯು ಹೀಗೆ ಮುಂದುವರಿಯಿತು. ಆಗ ಬಳಕೆಯಲ್ಲಿದ್ದ ಮೀಥೈಲ್ ಟೆಸ್ಟಾಸ್ಟಿರೋನ್ ಗುಳಿಗೆಯು ಯಕೃತ್ತಿಗೆ ಹಾನಿಕರವೆಂಬುದು ಕಾಲಕ್ರಮದಲ್ಲಿ ಗೊತ್ತಾಯಿತು.

ಅತಿಯಾಸೆಗೆ ಎದುರಾಗಿ ಅತಿಭಯವೂ ಇದೇ ಕಾಲದಲ್ಲಿ ಹುಟ್ಟಿತು. ಷಿಕಾಗೋದ ಚಾರ್ಲ್ಸ್ ಹಗ್ಗಿನ್ಸನು ೧೯೪೧ರಲ್ಲಿ, ಹರಡಿದ ಪ್ರಾಸ್ಟೇಟ್ ಕ್ಯಾನ್ಸರು ವೃಷಣಗಳನ್ನು ತೆಗೆಯುವುದರಿಂದ ಹಿಮ್ಮೆಟ್ಟುತ್ತದೆಂದು ತೋರಿಸಿದನು. ಇದು ಮಹತ್ತ್ವದ ಶೋಧನೆ; ೧೯೬೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಹಾರ್ಮೋನನ್ನು ಕೊಟ್ಟರೆ ಈ ಕ್ಯಾನ್ಸರು ಉಲ್ಬಣಿಸುವುದೆಂಬ ಮಾತಿಗೆ ಆಗ ಇದ್ದ ಆಧಾರವಾದರೋ ಬೆರಳೆಣಿಕೆಯ ರೋಗಿಗಳ ಅನುಭವ ಮಾತ್ರ. ಆದರೂ ಆರೋಗ್ಯವಂತರಲ್ಲಿಯೂ ಇದು ಕ್ಯಾನ್ಸರನ್ನು ಹುಟ್ಟಿಸುವುದೆಂಬ ಭಾವನೆಯು ಬೇರೂರಿ, ನಿಜವಾದ ಕೊರತೆಯುಳ್ಳ ಅನೇಕರಿಗೆ ದಶಕಗಳ ಕಾಲ ಚಿಕಿತ್ಸೆಯನ್ನು ಕೊಡಲು ವೈದ್ಯರು ಹಿಂಜರಿದರು. ಅಲ್ಪಸಾಕ್ಷ್ಯದ ಮೇಲೆ ನಂಬುವುದು ಹೇಗೆ ದೋಷವೋ ಅಲ್ಪಸಾಕ್ಷ್ಯದ ಮೇಲೆ ಹೆದರುವುದೂ ಹಾಗೆಯೇ ದೋಷವೆಂಬುದನ್ನು ಇಲ್ಲಿ ಗಮನಿಸಬೇಕು.

೫. ಮಾರುಕಟ್ಟೆ ಮತ್ತು ಪರೀಕ್ಷೆ

೧೯೭೦ರ ದಶಕದಿಂದೀಚೆಗೆ ರಕ್ತದಲ್ಲಿರುವ ಹಾರ್ಮೋನನ್ನು ನೇರವಾಗಿ ಅಳೆಯುವುದು ಸುಲಭವಾಯಿತು. ಪುರುಷರಲ್ಲಿ ಇದರ ಪ್ರಮಾಣವು ವಯಸ್ಸಿನೊಡನೆ ನಿಧಾನವಾಗಿ ಇಳಿಯುತ್ತದೆಂಬುದು ಸ್ಪಷ್ಟಪಟ್ಟಿತು. ಸ್ತ್ರೀಯರ ಋತುನಿವೃತ್ತಿಯಂತೆ ಇದು ಒಮ್ಮೆಗೇ ನಡೆಯುವ ಬದಲಾವಣೆಯಲ್ಲ. ಸ್ಥೂಲತೆ, ಮಧುಮೇಹ, ಅಫೀಮು ವರ್ಗದ ಔಷಧಗಳು ಕೂಡ ಪ್ರಮಾಣವನ್ನು ತಗ್ಗಿಸುತ್ತವೆ. ಯೂರೋಪಿನಲ್ಲಿ ೪೦ರಿಂದ ೭೯ ವರ್ಷದ ಪುರುಷರನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸೂಕ್ತ ಲಕ್ಷಣಗಳೂ ಕಡಮೆ ಪ್ರಮಾಣವೂ ಒಟ್ಟಿಗೆ ಕಂಡುಬಂದವರು ನೂರಕ್ಕೆ ಸುಮಾರು ಇಬ್ಬರು ಮಾತ್ರ. ಚರ್ಮಕ್ಕೆ ಹಚ್ಚುವ ಲೇಪವು ೨೦೦೦ದಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಮೇಲೆ ವ್ಯಾಪಾರವಾದರೋ ಬೇರೆ ದಾರಿಯನ್ನು ಹಿಡಿಯಿತು. ಆ ದೇಶದ ೪೦ ದಾಟಿದ ಪುರುಷರಲ್ಲಿ ಈ ಚಿಕಿತ್ಸೆ ಪಡೆಯುವವರ ಪ್ರಮಾಣವು ೨೦೦೧ರಿಂದ ೨೦೧೧ರೊಳಗೆ ಶೇಕಡಾ ೦.೮೧ರಿಂದ ೨.೯೧ಕ್ಕೆ ಏರಿತು. ಆಯಾಸ, ಅನಾಸಕ್ತಿ, ನಿದ್ರಾಹೀನತೆಗಳೆಲ್ಲವೂ ಹಾರ್ಮೋನಿನ ಅಭಾವದ ಚಿಹ್ನೆಗಳೆಂದು ಜಾಹೀರಾತುಗಳು ಸಾರಿದವು.

ಇದಕ್ಕೆ ಉತ್ತರವಾಗಿ ಬಂದುದು ವ್ಯವಸ್ಥಿತವಾದ ಪರೀಕ್ಷೆ. ಇಂತಹ ಪರೀಕ್ಷೆಯಲ್ಲಿ ಅರ್ಧದಷ್ಟು ಜನರಿಗೆ ಔಷಧವನ್ನೂ ಉಳಿದವರಿಗೆ ನೋಟಕ್ಕೆ ಅದರಂತೆಯೇ ಇರುವ ಹುಸಿಮದ್ದನ್ನೂ ಚೀಟಿ ಎತ್ತಿದಂತೆ ಹಂಚಲಾಗುತ್ತದೆ. ತನಗೆ ದೊರೆತುದು ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಅಮೆರಿಕದಲ್ಲಿ ೬೫ ದಾಟಿದ, ಹಾರ್ಮೋನು ಕಡಮೆಯಿದ್ದ ೭೯೦ ಮಂದಿಯ ಮೇಲೆ ಒಂದು ವರ್ಷ ಕಾಲ ನಡೆದ ಪರೀಕ್ಷೆಗಳ ಫಲಿತಾಂಶವು ೨೦೧೬ ಮತ್ತು ೨೦೧೭ರಲ್ಲಿ ಪ್ರಕಟವಾಯಿತು. ಆ ೭೯೦ ಮಂದಿಯನ್ನು ಆರಿಸಲು ೫೧,೦೦೦ಕ್ಕೂ ಮಿಕ್ಕಿದ ಜನರನ್ನು ಪರಿಶೀಲಿಸಬೇಕಾಯಿತೆಂಬುದೇ ನಿಜವಾದ ಕೊರತೆಯ ವೈರಳ್ಯವನ್ನು ಸೂಚಿಸುತ್ತದೆ. ಕಾಮೇಚ್ಛೆಯೂ ಸಾಮರ್ಥ್ಯವೂ ಸಾಧಾರಣಮಟ್ಟಿಗೆ ಸುಧಾರಿಸಿದವು, ಮನೋಭಾವದಲ್ಲಿ ಅಲ್ಪ ಸುಧಾರಣೆ ಕಂಡಿತು, ರಕ್ತಹೀನತೆಯು ತಗ್ಗಿತು, ಮೂಳೆಯ ಸಾಂದ್ರತೆಯು ಹೆಚ್ಚಿತು. ಚೈತನ್ಯದಲ್ಲಿ ಗಣನೀಯವಾದ ಹೆಚ್ಚಳ ಕಾಣಲಿಲ್ಲ. ಜ್ಞಾಪಕಶಕ್ತಿಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ೧೨೭ ವರ್ಷಗಳ ಹಿಂದೆ ಬ್ರೌನ್-ಸೆಕಾರನು ತನ್ನಲ್ಲಿ ಕಂಡುಕೊಂಡುದಾಗಿ ಹೇಳಿದ ಬೌದ್ಧಿಕ ನವಚೈತನ್ಯವು, ಶುದ್ಧವಾದ ಹಾರ್ಮೋನನ್ನೇ ಪಡೆದ ಇವರಲ್ಲಿ ಕಂಡುಬರಲಿಲ್ಲ.

ಹೃದಯದ ವಿಷಯದಲ್ಲಿಯೂ ಸಾಕ್ಷ್ಯವು ಹಂತಹಂತವಾಗಿ ಬೆಳೆಯಿತು. ದುರ್ಬಲರಾದ ೨೦೯ ವೃದ್ಧರ ಮೇಲೆ ನಡೆಯುತ್ತಿದ್ದ ಪರೀಕ್ಷೆಯೊಂದರಲ್ಲಿ ಹಾರ್ಮೋನು ಪಡೆದವರಲ್ಲಿ ೨೩ ಮಂದಿಗೂ ಹುಸಿಮದ್ದು ಪಡೆದವರಲ್ಲಿ ಐವರಿಗೂ ಹೃದಯ ಮತ್ತು ರಕ್ತನಾಳಗಳ ತೊಂದರೆಗಳು ಕಂಡುಬಂದುದರಿಂದ ಅದನ್ನು ಅರ್ಧದಲ್ಲಿಯೇ ನಿಲ್ಲಿಸಿ, ೨೦೧೦ರಲ್ಲಿ ವರದಿಯನ್ನು ಪ್ರಕಟಿಸಲಾಯಿತು. ೨೦೧೫ರಲ್ಲಿ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ಔಷಧದ ವಿವರಪತ್ರದಲ್ಲಿ ಎಚ್ಚರಿಕೆಯನ್ನು ಸೇರಿಸಿ, ದೊಡ್ಡ ಪರೀಕ್ಷೆಯನ್ನು ನಡೆಸುವಂತೆ ವಿಧಿಸಿತು. ಹೃದ್ರೋಗವಿದ್ದ ಅಥವಾ ಅದರ ಸಂಭವ ಹೆಚ್ಚಾಗಿದ್ದ ೫,೨೪೬ ಪುರುಷರ ಮೇಲೆ ನಡೆದ ಆ ಪರೀಕ್ಷೆಯ ಫಲಿತಾಂಶವು ೨೦೨೩ರಲ್ಲಿ ಹೊರಬಂದಿತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣ ಇವು ಹಾರ್ಮೋನು ಪಡೆದವರಲ್ಲಿ ಶೇಕಡಾ ೭.೦, ಹುಸಿಮದ್ದಿನವರಲ್ಲಿ ಶೇಕಡಾ ೭.೩, ಎಂದರೆ ಅಪಾಯವು ಹೆಚ್ಚಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರೂ ಹೆಚ್ಚಲಿಲ್ಲ. ಆದರೆ ಇವರೆಲ್ಲರೂ ಮೊದಲೇ ತಪಾಸಣೆಗೊಂಡವರು, ಅವಲೋಕನದ ಅವಧಿಯು ಸರಾಸರಿ ೩೩ ತಿಂಗಳು ಮಾತ್ರವೆಂಬುದನ್ನು ಮರೆಯಬಾರದು. ಹೃದಯದ ಲಯಭಂಗ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಮೂತ್ರಪಿಂಡದ ತೀವ್ರಹಾನಿ ಇವುಗಳಾದರೋ ಹಾರ್ಮೋನು ಪಡೆದವರಲ್ಲಿಯೇ ಹೆಚ್ಚಾಗಿ ಕಂಡವು. ೨೦೨೫ರಲ್ಲಿ ಆ ಸಂಸ್ಥೆಯು ಹೃದಯಾಘಾತದ ಎಚ್ಚರಿಕೆಯನ್ನು ಸಡಿಲಿಸಿ, ರಕ್ತದೊತ್ತಡದ ಏರಿಕೆಯ ಎಚ್ಚರಿಕೆಯನ್ನು ಮುಂದಕ್ಕೆ ತಂದಿತು.

ಇದೇ ಪರೀಕ್ಷೆಯು ಇನ್ನೊಂದು ಅನಿರೀಕ್ಷಿತ ಸಂಗತಿಯನ್ನು ಹೊರಗೆಡವಿತು. ಹಾರ್ಮೋನಿನಿಂದ ಮೂಳೆಯ ಸಾಂದ್ರತೆಯು ಹೆಚ್ಚುವುದೆಂದು ಹಿಂದಿನ ಪರೀಕ್ಷೆ ತೋರಿಸಿದ್ದುದರಿಂದ ಮೂಳೆಮುರಿತವು ತಗ್ಗುವುದೆಂದು ಎಣಿಸಲಾಗಿತ್ತು. ೨೦೨೪ರಲ್ಲಿ ಪ್ರಕಟವಾದ ಲೆಕ್ಕದಂತೆ ಹಾರ್ಮೋನು ಪಡೆದವರಲ್ಲಿ ಶೇಕಡಾ ೩.೫ ಮಂದಿಗೂ ಉಳಿದವರಲ್ಲಿ ಶೇಕಡಾ ೨.೪೬ ಮಂದಿಗೂ ಮೂಳೆ ಮುರಿದಿದ್ದಿತು. ತರ್ಕಕ್ಕೆ ಸಮಂಜಸವಾಗಿ ತೋರುವ ಅನುಮಾನವೂ ಪ್ರತ್ಯಕ್ಷಪ್ರಮಾಣದ ಮುಂದೆ ಮಣಿಯಬೇಕಾಗುತ್ತದೆ.

೬. ಗುಣದೋಷಗಳ ತೂಕ

ಇಲ್ಲಿಯವರೆಗಿನ ವಿವೇಚನೆಯಿಂದ ಕೆಲವು ಮಾತುಗಳನ್ನು ನಿಶ್ಚಯವಾಗಿ ಹೇಳಬಹುದು. ಲಕ್ಷಣಗಳಿದ್ದು, ಬೆಳಗಿನ ವೇಳೆಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮಾಡಿದ ರಕ್ತಪರೀಕ್ಷೆಯಿಂದ ಕೊರತೆಯು ಸ್ಥಿರಪಟ್ಟವರಿಗೆ ಈ ಚಿಕಿತ್ಸೆಯು ಹಿತಕರ. ಲೈಂಗಿಕ ಜೀವನ, ರಕ್ತ, ಮಾಂಸಖಂಡಗಳ ಮೇಲೆ ಅದರ ಸತ್ಪರಿಣಾಮವು ಸಿದ್ಧವಾಗಿದೆ. ದೋಷಗಳೂ ಅಷ್ಟೇ ಸಿದ್ಧವಾಗಿವೆ: ರಕ್ತಕಣಗಳು ಅತಿಯಾಗಿ ಹೆಚ್ಚಿ ರಕ್ತವು ಗಟ್ಟಿಯಾಗಬಹುದು, ಮೊಡವೆಗಳೇಳಬಹುದು, ಲೇಪವು ಮನೆಯ ಮಕ್ಕಳ ಮೈಗೆ ತಗಲಿ ಕೆಡುಕುಂಟಾಗಬಹುದು.

ಇವೆಲ್ಲಕ್ಕಿಂತ ಮುಖ್ಯವಾದ ದೋಷವೊಂದಿದೆ. ತರುಣರು ಅದನ್ನು ವಿಶೇಷವಾಗಿ ತಿಳಿದಿರಬೇಕು. ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯೂಟರಿಯು ತನ್ನ ಚೋದಕಗಳನ್ನು ನಿಲ್ಲಿಸುತ್ತದೆ. ವೃಷಣವು ವೀರ್ಯಾಣುಗಳ ಉತ್ಪಾದನೆಯನ್ನು ಕೈಬಿಡುತ್ತದೆ. ಇದು ಎಷ್ಟು ನಿಶ್ಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆಯು ಏಳು ದೇಶಗಳಲ್ಲಿ ವಾರಕ್ಕೆ ೨೦೦ ಮಿಲಿಗ್ರಾಂ ಟೆಸ್ಟಾಸ್ಟಿರೋನ್ ಚುಚ್ಚುಮದ್ದನ್ನು ಗರ್ಭನಿರೋಧಕವನ್ನಾಗಿಯೇ ಪರೀಕ್ಷಿಸಿ, ೧೯೯೦ರಲ್ಲಿ ಅದು ಪರಿಣಾಮಕಾರಿಯೆಂದು ವರದಿ ಮಾಡಿತು. ಪುರುಷತ್ವವನ್ನು ಹೆಚ್ಚಿಸಿಕೊಳ್ಳುವ ಉದ್ದೇಶದಿಂದ ಔಷಧವನ್ನು ಹಿಡಿದವನು ತಂದೆಯಾಗುವ ಶಕ್ತಿಯನ್ನು ಕಳೆದುಕೊಳ್ಳುವುದು ವಿಪರ್ಯಾಸವಾದರೂ ವಾಸ್ತವ. ನಿಲ್ಲಿಸಿದರೆ ಬಹುಮಂದಿಗೆ ಆ ಶಕ್ತಿಯು ಮರಳುತ್ತದೆ. ಅದಕ್ಕೆ ತಿಂಗಳುಗಳು, ಕೆಲವು ವೇಳೆ ವರ್ಷಗಳು ಬೇಕಾಗುತ್ತವೆ. ಸ್ಥೂಲಕಾಯದಿಂದ ಪ್ರಮಾಣವು ತಗ್ಗಿರುವವರಲ್ಲಿ ತೂಕವನ್ನು ಇಳಿಸುವುದರಿಂದಲೇ ಅದು ಏರುವುದುಂಟು.

ಯಯಾತಿಯ ಆಸೆಯು ಮಾನವನಿಗೆ ಸಹಜವಾದುದು. ಅದನ್ನು ಹಳಿಯುವುದು ಇತಿಹಾಸಕಾರನ ಕೆಲಸವಲ್ಲ. ಬ್ರೌನ್-ಸೆಕಾರ್, ಯೇಟ್ಸ್, ಡಿ ಕ್ರೈಫ್ ಇವರು ಮೂರ್ಖರೂ ಆಗಿರಲಿಲ್ಲ, ವಂಚಕರೂ ಆಗಿರಲಿಲ್ಲ. ತಮ್ಮ ಅನುಭವವನ್ನೇ ಪ್ರಮಾಣವೆಂದು ತಿಳಿದವರು. ಮನುಷ್ಯನು ತನ್ನ ದೇಹದ ವಿಷಯದಲ್ಲಿಯೂ ಪಕ್ಷಪಾತಿಯಾದ ಸಾಕ್ಷಿಯೇ ಆಗಿರುವನು. ಆಸ್ಥಾನಕವಿಯ ಪ್ರಶಸ್ತಿಯನ್ನು ಓದುವಾಗ, ಇದನ್ನು ಬರೆದವನು ಯಾರು, ಬರೆಯಿಸಿದವನು ಯಾರು, ಇದಕ್ಕೆ ಬೇರೆ ಆಧಾರವುಂಟೇ ಎಂದು ಕೇಳುವುದನ್ನು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಔಷಧದ ಪ್ರಶಸ್ತಿಯನ್ನು ಓದುವಾಗಲೂ ಅವೇ ಪ್ರಶ್ನೆಗಳನ್ನು ಕೇಳುವ ಅಭ್ಯಾಸವು ಅವರಲ್ಲಿ ನೆಲೆಗೊಂಡರೆ, ಇತಿಹಾಸದ ತರಗತಿಯು ಪರೀಕ್ಷೆಯಾಚೆಗೂ ಪ್ರಯೋಜನಕಾರಿಯಾಯಿತೆಂದು ಹೇಳಬಹುದು.